ಸೊನ್ನೆ ಬೇರೆ, ಖಾಲಿ ಬೇರೆ: ಮಳೆ ಅಳೆಯುವವರಿಗೆ ಒಬ್ಬ ಅಡಿಕೆ ಬೆಳೆಗಾರನ ಬಹಿರಂಗ ಪತ್ರ

ಗೆ,
ಮಳೆಮಾಪಕ ಕೇಂದ್ರಗಳು, ತೋಟಗಾರಿಕೆ ಮತ್ತು ಬೆಳೆ ವಿಮೆಯ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯ ಪಶ್ಚಿಮ ಅಂಚಿನ, ಘಟ್ಟಕ್ಕೆ ಒತ್ತಿಕೊಂಡಿರುವ ಒಂದು ಹಳ್ಳಿಯವನು. ಎರಡೂವರೆ ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಮೇಲೊಂದು ಸಣ್ಣ ಸೊಪ್ಪಿನ ಬೆಟ್ಟ. ಇದರ ಜೊತೆಗೆ ಅಪ್ಪ ಬಿಟ್ಟುಹೋದ ಒಂದು ತಗಡಿನ ಮಳೆಮಾಪಕ, ಗಾಜಿನ ಅಳತೆ ಲೋಟ, ಒಂದು ಟ್ರಂಕಿನ ತುಂಬ ಮಳೆ ಬರೆದಿಟ್ಟ ನೋಟ್‌ಬುಕ್‌ಗಳು. ಹಿಸ್ಸೆ ಆದಾಗ ಅಣ್ಣನಿಗೆ ಟಿಲ್ಲರ್ ಹೋಯಿತು, ನನಗೆ ಮಳೆ ಬಂತು ಅಂತ ಮನೆಯಲ್ಲಿ ಈಗಲೂ ತಮಾಷೆ ಮಾಡುತ್ತಾರೆ.

ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮಳೆ ಅಳೆಯುತ್ತಿದ್ದರು. ಕಾಫಿ ತಣ್ಣಗಾದರೂ ಸರಿ, ಮೊದಲು ಮಳೆ. ಎಂಟೂವರೆಗೇ ಯಾಕೆ ಅಂದರೆ, ದೇಶದಲ್ಲೆಲ್ಲ ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದು ಆ ಹೊತ್ತಿಗೆ. ನಾವು ಬೇರೆ ಹೊತ್ತಿಗೆ ಅಳೆದರೆ ಯಾರ ಜೊತೆಗೂ ಹೋಲಿಸೋಕೆ ಬರುವುದಿಲ್ಲ ಅನ್ನುತ್ತಿದ್ದರು. ಮದುವೆಗೋ ತಿಥಿಗೋ ಹೋಗಿ ಒಂದು ದಿನ ತಪ್ಪಿದರೆ ಆ ತಾರೀಖಿನ ಮುಂದೆ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಸೊನ್ನೆ ಬರೆಯುತ್ತಿರಲಿಲ್ಲ. "ಸೊನ್ನೆ ಅಂದ್ರೆ ನಾನು ನೋಡಿದೀನಿ, ಮಳೆ ಇರಲಿಲ್ಲ ಅಂತ. ಗೆರೆ ಅಂದ್ರೆ ನಾನು ನೋಡೇ ಇಲ್ಲ ಅಂತ." ಈ ಪತ್ರದಲ್ಲಿ ನಾನು ಹೇಳಬೇಕಾದ್ದು ಹೆಚ್ಚುಕಡಿಮೆ ಇಷ್ಟೇ. ಆದರೆ ಇಷ್ಟನ್ನೇ ಬರೆದು ಕಳಿಸಿದರೆ ಯಾವುದಾದರೂ ಕಡತಕ್ಕೆ ಸೇರಿ ಮುಗಿದುಹೋಗುತ್ತದೆ. ಹಾಗಾಗಿ ನಡೆದದ್ದನ್ನು ಪೂರ್ತಿ ಹೇಳುತ್ತೇನೆ, ದಯವಿಟ್ಟು ಕೇಳಿ.

ಎರಡು ವರ್ಷದ ಹಿಂದಿನ ಮಾತು. ಆರಿದ್ರಾ ಮಳೆ ಸುಮಾರಾಗಿ ಹೋಯಿತು. ಜುಲೈ ಮೊದಲ ವಾರ ಪುನರ್ವಸು ಹುಟ್ಟಿತು ನೋಡಿ, ಆಮೇಲೆ ಬಿಡಲೇ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ಎಂಟು ದಿನದ ಲೆಕ್ಕ ಹೀಗಿದೆ: 96, 118, 74, 131, 142, 88, 53, 67. ಎಲ್ಲ ಮಿಲಿಮೀಟರಿನಲ್ಲಿ. ಒಟ್ಟು 769, ಅಂದರೆ ಮೂವತ್ತು ಇಂಚು. ಹಳ್ಳದ ಕಾಲುಸಂಕ ಕೊಚ್ಚಿಹೋಯಿತು. ಶಾಲೆಗೆ ರಜೆ ಕೊಟ್ಟರು. ಕೊಟ್ಟಿಗೆಯ ಹಿಂದಿನ ಧರೆ ಕುಸಿದು ಗೊಬ್ಬರಗುಂಡಿ ಮುಚ್ಚಿತು.

ಅದೇ ಎಂಟು ದಿನಕ್ಕೆ ನಮ್ಮ ಪಂಚಾಯತಿಯ ಸ್ವಯಂಚಾಲಿತ ಮಳೆಮಾಪಕ ಕೊಟ್ಟ ಲೆಕ್ಕ: 91, 112, 0, 0, 0, 0, 0, 0.

ಮೂರನೇ ದಿನದಿಂದ ನಮ್ಮೂರಿನಲ್ಲಿ ಬಿಸಿಲಂತೆ!

ಮಳೆ ಸ್ವಲ್ಪ ಹೊಳವಾದ ಮೇಲೆ ಛತ್ರಿ ಹಿಡಿದು ಹೋಗಿ ನೋಡಿದೆ. ಪಂಚಾಯತಿ ಕಟ್ಟಡದ ಹಿಂದೆ, ಹಲಸಿನ ಮರದಿಂದ ನಾಲ್ಕು ಮಾರು ದೂರದಲ್ಲಿ ಅದರ ಕಂಬ. ಸೋಲಾರ್ ಹಲಗೆಯ ಮೇಲೆ ಹಸಿರು ಪಾಚಿ. ಮಳೆ ಹಿಡಿಯುವ ಆಲಿಕೆಯೊಳಗೆ ಇಣುಕಿದರೆ ಕೊಳೆತ ಹಲಸಿನ ಎಲೆ ಎರಡು, ಒಂದರ ಮೇಲೊಂದು ಅಂಟಿ, ತೂತಿಗೆ ಬಿರಡೆ ಹಾಕಿದ ಹಾಗೆ ಕೂತಿವೆ. ಮೇಲೆ ನೀರು ನಿಂತು ಅಂಚಿನಿಂದ ಹೊರಗೆ ಚೆಲ್ಲುತ್ತಿದೆ. ಒಂದು ಕಡ್ಡಿ ತಗೊಂಡು ತೆಗೆದಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಪಕ್ಕದಲ್ಲೇ "ಮುಟ್ಟಬಾರದು" ಅಂತ ಬೋರ್ಡಿದೆ. ಆಮೇಲೆ ನಾನೇ ಕೆಡಿಸಿದೆ ಅಂತಾದರೆ? ಫೋಟೊ ತೆಗೆದುಕೊಂಡು ವಾಪಸ್ ಬಂದೆ.

ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಸಭ್ಯವಾಗಿಯೇ ಮಾತಾಡಿದ. ಕಂಪ್ಯೂಟರ್ ನೋಡಿ, "ಸಾರ್, ಹದಿನೈದು ನಿಮಿಷಕ್ಕೊಂದು ಸಲ ಡೇಟಾ ಬರ್ತಾ ಇದೆ ಅಲ್ವಾ, ಮಷಿನ್ ಸರಿಯಾಗೇ ಇದೆ" ಅಂದ. ಅವನ ತಪ್ಪೇನಿಲ್ಲ. ನಿಜವಾಗಿಯೂ ಡೇಟಾ ಬರುತ್ತಿತ್ತು. ಹದಿನೈದು ನಿಮಿಷಕ್ಕೊಂದು ಸೊನ್ನೆ.

ಗೊತ್ತಿಲ್ಲದವರಿಗೆ ಈ ಮಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಬಿಡುತ್ತೇನೆ, ಭಾರೀ ವಿದ್ಯೆಯೇನಲ್ಲ. ಆಲಿಕೆಯ ಕೆಳಗೆ ತಕ್ಕಡಿ ಥರ ಎರಡು ಪುಟ್ಟ ಬಟ್ಟಲು. ಒಂದು ತುಂಬಿದ ತಕ್ಷಣ ಟಕ್ ಅಂತ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಟಕ್ಕಿಗೂ ಇಂತಿಷ್ಟು ಮಳೆ ಅಂತ ಲೆಕ್ಕ. ಎಷ್ಟು ಸಲ ಟಕ್ ಅಂದಿತು ಅನ್ನುವುದನ್ನು ಒಂದು ಅಯಸ್ಕಾಂತದ ಸ್ವಿಚ್ಚು ಎಣಿಸುತ್ತದೆ, ಒಳಗಿನ ಸಿಮ್ಮು ಅದನ್ನು ಕಳಿಸುತ್ತದೆ. ಆಲಿಕೆ ಕಟ್ಟಿಕೊಂಡರೆ ಬಟ್ಟಲು ವಾಲುವುದಿಲ್ಲ. ಎಣಿಕೆ ಸೊನ್ನೆ. ಸಿಮ್ಮು ನಿಷ್ಠೆಯಿಂದ ಸೊನ್ನೆಯನ್ನೇ ಕಳಿಸುತ್ತಿರುತ್ತದೆ. ಬ್ಯಾಟರಿ ಸತ್ತರೆ ಅಥವಾ ಸಿಗ್ನಲ್ ಹೋದರೆ ಕಚೇರಿಯಲ್ಲಿ ಕೂತವರಿಗೆ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಎಲೆ ಬಿದ್ದರೆ ಗೊತ್ತಾಗುವುದಿಲ್ಲ. ನಮ್ಮ ಕಡೆ ಬ್ಯಾಟರಿ ಸಾಯುವುದಕ್ಕಿಂತ ಎಲೆ ಬೀಳುವುದು ಜಾಸ್ತಿ.

ಈಗ ನೀವು ಕೇಳಬಹುದು, ಒಂದು ವಾರ ಲೆಕ್ಕ ತಪ್ಪಿದರೆ ಏನಾಯಿತು? ಮಳೆ ಬಿದ್ದದ್ದಂತೂ ಬಿದ್ದಿತು, ಬೆಳೆ ಹೋದದ್ದಂತೂ ಹೋಯಿತು, ಅಂತ. ಹೇಳುತ್ತೇನೆ.

ನಮ್ಮ ಅಡಿಕೆಗೆ, ಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. 2016ರ ಮುಂಗಾರಿನಲ್ಲಿ ಈಗಿನ ರೂಪಕ್ಕೆ ಬಂದ ಯೋಜನೆ. ಇದರಲ್ಲಿ ಯಾರೂ ತೋಟಕ್ಕೆ ಬಂದು ಎಷ್ಟು ಕಾಯಿ ಉದುರಿತು ಅಂತ ನೋಡುವುದಿಲ್ಲ. ಪಂಚಾಯತಿಯ ಯಂತ್ರ ಎಷ್ಟು ಮಳೆ ಅಂತ ಹೇಳುತ್ತದೋ ಅದೇ ಸಾಕ್ಷಿ, ಅದೇ ತೀರ್ಪು. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ. ರೈತನ ಪಾಲು ನೂರಕ್ಕೆ 5, ಅಂದರೆ 6,400 ರೂಪಾಯಿ. ನಾವು ತಪ್ಪದೆ ಕಟ್ಟುತ್ತೇವೆ. ಈ ಪದ್ಧತಿಯನ್ನು ನಾನು ಬೈಯುತ್ತಿಲ್ಲ. ಬೆಳೆ ಕಟಾವಿನ ಸಮೀಕ್ಷೆಗೆ ಕಾದು ಕಾದು ಸುಸ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಒಬ್ಬನೇ ಸಾಕ್ಷಿ ಇರುವ ಕೇಸಿನಲ್ಲಿ ಆ ಸಾಕ್ಷಿಯ ಕಣ್ಣಿಗೆ ಹಲಸಿನ ಎಲೆ ಮುಚ್ಚಿಕೊಂಡರೆ?

ಫೋಟೊ, ಅರ್ಜಿ, ಓಡಾಟ ಎಲ್ಲ ಆದ ಮೇಲೆ ಸೆಪ್ಟೆಂಬರಿನಲ್ಲಿ ನಮ್ಮ ಯಂತ್ರ ಕೆಟ್ಟಿತ್ತು ಅಂತ ಒಪ್ಪಿಕೊಂಡರು. ಖುಷಿಯಾಯಿತು. ಆದರೆ ಅದರ ಬದಲಿಗೆ ಹಿಡಿದದ್ದು ಗುಡ್ಡದ ಆಚೆಯ ಇನ್ನೊಂದು ಪಂಚಾಯತಿಯ ಯಂತ್ರದ ಲೆಕ್ಕ. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೆ ಹತ್ತಿರವೇ. ಆದರೆ ಅದು ಗುಡ್ಡದ ಪೂರ್ವದ ಮಗ್ಗುಲು. ಅಲ್ಲಿ ಮಳೆ ನಮ್ಮ ಅರ್ಧದಷ್ಟೂ ಇಲ್ಲ.

ಮಲೆನಾಡಿನ ಮಳೆ ಕಿಲೋಮೀಟರ್ ನೋಡಿ ಬರುವುದಿಲ್ಲ, ಮಾನ್ಯರೇ. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟ ಹತ್ತುವಾಗ ಸುರಿಯುತ್ತದೆ, ಇಳಿಯುವಾಗ ಹಗುರಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಅಲ್ಲಿಂದ ಬಸ್ಸು ಹತ್ತಿದರೆ ಎರಡು ಎರಡೂವರೆ ತಾಸಿಗೆ ಶಿವಮೊಗ್ಗ ಪೇಟೆ. ಅಲ್ಲಿಯ ಮಳೆ ಇದರ ಆರನೇ ಒಂದು ಪಾಲೂ ಇಲ್ಲ. ಒಂದೇ ಜಿಲ್ಲೆ! ಇಷ್ಟು ದೂರ ಯಾಕೆ, ನಮ್ಮ ಮನೆಯಿಂದ ಮೂರು ಕಿಲೋಮೀಟರ್ ಮೇಲಿರುವ ನನ್ನ ಸ್ನೇಹಿತನೂ ಮಳೆ ಅಳೆಯುತ್ತಾನೆ. ಕಳೆದ ವರ್ಷ ಒಂದೇ ದಿನ ನನ್ನಲ್ಲಿ 84, ಅವನಲ್ಲಿ 127. ಅವನು ಕಾಫಿಯವನು, ಇನ್ನೂ ಇಂಚು ಸೆಂಟಿನಲ್ಲೇ ಮಾತಾಡುತ್ತಾನೆ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು). "ಐದು ಇಂಚು ಆಯ್ತು ಮಾರಾಯ" ಅಂತ ಫೋನ್ ಮಾಡುತ್ತಾನೆ, ನಾನು ಇಪ್ಪತ್ತೈದರಿಂದ ಗುಣಿಸಿಕೊಳ್ಳುತ್ತೇನೆ.

ಹೀಗೆ ಪಕ್ಕದ ಮಗ್ಗುಲಿನ ಲೆಕ್ಕ ಹಿಡಿದು ನಮಗೆ ಬಂದ ಪರಿಹಾರ ಕಟ್ಟಿದ ಕಂತಿಗಿಂತ ಸ್ವಲ್ಪ ಜಾಸ್ತಿ. ಬೆಳೆಯಲ್ಲಿ ಹೋದದ್ದು ಸುಮಾರು ಅರ್ಧ. ಆ ಹಣದ ಜಗಳ ಇಲ್ಲಿ ಮುಂದುವರಿಸುವುದಿಲ್ಲ. ಅದಕ್ಕೆ ಬೇರೆ ಅರ್ಜಿ ಇದೆ, ಬೇರೆ ಬಾಗಿಲು ಇದೆ. ನನಗೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು.

ಆ ಲೆಕ್ಕ ನಮಗೆ ಬೇಕಾದದ್ದು ಬೆಳೆ ಹೋದ ಮೇಲಲ್ಲ. ಹೋಗುವ ಮೊದಲು.

ಕೊಳೆರೋಗ ಗೊತ್ತಲ್ಲ. ಹೆಸರೇ ಹೇಳುವಂತೆ ಕಾಯಿ ಕೊಳೆತು ಉದುರುವ ರೋಗ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ ಇದರ ಬೆನ್ನು ಹತ್ತಿ, 1910ರಲ್ಲೇ ಅಧ್ಯಯನ ಪ್ರಕಟಿಸಿದರು. ಫೈಟಾಫ್ತೊರ ಅನ್ನುವ ಬೂಷ್ಟಿನಂಥ ಜೀವಿ ಇದಕ್ಕೆ ಕಾರಣ. ಉಷ್ಣಾಂಶ 20ರಿಂದ 23 ಡಿಗ್ರಿ ಇರಬೇಕು, ತೇವಾಂಶ ನೂರಕ್ಕೆ 90ರ ಮೇಲಿರಬೇಕು, ಮಧ್ಯೆ ಮಧ್ಯೆ ಬಿಸಿಲು ಇಣುಕಿ ಮತ್ತೆ ಮಳೆ ಬರಬೇಕು. ಆಗ ಅದಕ್ಕೆ ಹಬ್ಬ. ನೂರು ವರ್ಷಕ್ಕೂ ಮೇಲಿಂದ ನಮ್ಮ ಔಷಧಿಯೂ ಒಂದೇ: ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೇ ಸಲವೂ ಬೇಕು.

ಕೇಳಲಿಕ್ಕೆ ಸುಲಭ. ಆದರೆ ಆ ಎರಡನೇ ಔಷಧಿಯ ದಿನ ನಮ್ಮ ಮನೆಗೆ ಬಂದು ನೋಡಿ. ಮರ ಹತ್ತುವ ಕೊನೆಗಾರ ನಮ್ಮೂರಿಗೆ ಇರುವವನು ಒಬ್ಬ. ಅವನು ಈ ವಾರ ಸಿಕ್ಕರೆ ಸಿಕ್ಕ, ಇಲ್ಲದಿದ್ದರೆ ಇನ್ನು ಹತ್ತು ದಿನ ಇಲ್ಲ. ಬೆಳಿಗ್ಗೆ ಏಳಕ್ಕೆ ಬಂದು ಜಗುಲಿಯ ಮೇಲೆ ಕೂರುತ್ತಾನೆ. ಚಹಾ ಕುಡಿದು ಮೋಡ ನೋಡುತ್ತಾನೆ. ನಾನೂ ನೋಡುತ್ತೇನೆ. ಸುಣ್ಣ ಮೈಲುತುತ್ತ ಕಲೆಸಬೇಕೋ ಬೇಡವೋ? ಕಲೆಸಿದರೆ ಅವತ್ತೇ ಹೊಡೆದು ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಹೊಡೆದ ಮೇಲೆ ಗೊನೆಯ ಮೇಲೆ ಒಣಗಲಿಕ್ಕೆ ಒಂದಷ್ಟು ಹೊತ್ತು ಮಳೆ ಬರಬಾರದು. ರಾಳ ಸೇರಿಸಿದರೂ ಅಷ್ಟೇ, ಅಂಟು ಹಿಡಿಯಲಿಕ್ಕೆ ಸಮಯ ಬೇಕು. ಒಂಬತ್ತಕ್ಕೆ ಆಕಾಶ ಸ್ವಲ್ಪ ಬಿಳಿಯಾಗುತ್ತದೆ. ಕಲೆಸುತ್ತೇವೆ. ಕತ್ತಿ ಅದ್ದಿ ನೋಡುತ್ತೇವೆ, ಅಲಗಿನ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನೊಂದು ಮುಷ್ಟಿ ಹಾಕುತ್ತೇವೆ. ಇಪ್ಪತ್ತು ಮರ ಆಗುವಷ್ಟರಲ್ಲಿ ಪಡುವಣದಿಂದ ಗುಂಯ್ ಅನ್ನುವ ಸದ್ದು ಕಾಡಿನ ಮೇಲೆ ನಡೆದುಬರುತ್ತದೆ. ಮಳೆ ಬರುವ ಸದ್ದು ಅದು, ನಮ್ಮ ಕಡೆಯವರಿಗೆ ಗೊತ್ತು. ಕೊನೆಗಾರ ಮರದ ಮೇಲಿನಿಂದಲೇ ನನ್ನ ಕಡೆ ನೋಡುತ್ತಾನೆ. ಡ್ರಮ್ಮಿನಲ್ಲಿ ಇನ್ನೂ ನೂರೈವತ್ತು ಲೀಟರ್ ನೀಲಿ ನೀರು.

ಮಳೆ ನಿಂತು ಸಿಗುವ ಆ ಬಿಡುವಿಗೆ ನಾವು ಹೊಳವು ಅನ್ನುತ್ತೇವೆ. ಜುಲೈ ತಿಂಗಳಲ್ಲಿ ನಮ್ಮ ವರ್ಷದ ಬೆಳೆ ನಿಂತಿರುವುದು ಮೂರು ತಾಸಿನ ಹೊಳವಿನ ಮೇಲೆ. ನನಗೆ ನಿಮ್ಮಿಂದ ಬೇಕಾಗಿರುವ ಮಾಹಿತಿ ಅದು.

ಸಿಗುವುದು ಏನು? ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಹವಾಮಾನ ಸಲಹೆ ಬರುತ್ತದೆ. ಮೇಘದೂತ ಆಪ್‌ನಲ್ಲೂ ಅದೇ ಇರುತ್ತದೆ. ಒಳ್ಳೆಯ ಕೆಲಸ, ಇಲ್ಲ ಅನ್ನುವುದಿಲ್ಲ. ಸಿಡಿಲು ಆಪ್ ಅಂತೂ ಬೇಸಗೆಯಲ್ಲಿ ತೋಟದಲ್ಲಿದ್ದಾಗ ನನ್ನನ್ನು ಎರಡು ಸಲ ಮನೆಗೆ ಓಡಿಸಿದೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಜಿಲ್ಲೆಗೆಲ್ಲ ಸೇರಿ "ಸಾಧಾರಣದಿಂದ ಭಾರೀ ಮಳೆ" ಅಂದರೆ ಶಿಕಾರಿಪುರದ ಮೆಕ್ಕೆಜೋಳದವನಿಗೂ ಹೊಸನಗರದ ಅಡಿಕೆಯವನಿಗೂ ಒಂದೇ ಚೀಟಿ ಬರೆದು ಕೊಟ್ಟ ಹಾಗಾಯಿತು. ಜಿಲ್ಲೆಗಿಂತ ಕೆಳಗೆ ಇಳಿದು ಸಲಹೆ ಕೊಡಲಿ ಅಂತಲೇ 2018ರಿಂದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಹವಾಮಾನ ಘಟಕಗಳನ್ನು ತೆರೆದಿದ್ದರು. ದೇಶದಲ್ಲಿ 199 ಇದ್ದವು. 2024ರಲ್ಲಿ ಮುಚ್ಚಿದರು. ಅದರ ಹಿಂದಿನ ವರ್ಷವಷ್ಟೇ, 2023ರ ಜುಲೈನಲ್ಲಿ, ಪ್ರತಿ ಪಂಚಾಯತಿಗೂ ಒಂದು ಮಳೆಮಾಪಕ, ಪ್ರತಿ ಬ್ಲಾಕಿಗೂ ಒಂದು ಹವಾಮಾನ ಕೇಂದ್ರ ಅಂತ ‘ವಿಂಡ್ಸ್’ ಯೋಜನೆ ಶುರುವಾಗಿತ್ತು. ಒಂದು ಕೈಯಲ್ಲಿ ಯಂತ್ರ ನೆಡುತ್ತಾರೆ, ಇನ್ನೊಂದು ಕೈಯಲ್ಲಿ ಆ ಯಂತ್ರ ಹೇಳಿದ್ದನ್ನು ರೈತನಿಗೆ ಬಿಡಿಸಿ ಹೇಳುವವನನ್ನು ಮನೆಗೆ ಕಳಿಸುತ್ತಾರೆ. ನನಗಂತೂ ಇದರ ಲೆಕ್ಕ ಹತ್ತಲಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. 1988ರಲ್ಲೇ, ದೇಶದಲ್ಲಿ ಮೊದಲಿಗೆ, ಬರದ ಮೇಲೆ ಕಣ್ಣಿಡಲಿಕ್ಕೆ ಅಂತ ಪ್ರತ್ಯೇಕ ಕೋಶ ಕಟ್ಟಿದ ರಾಜ್ಯ ಇದು. ಪಂಚಾಯತಿ ಮಟ್ಟಕ್ಕೆ ಇಷ್ಟು ದಟ್ಟವಾಗಿ ಮಳೆಮಾಪಕ ಹಾಕಿದ ರಾಜ್ಯಗಳು ಬೇರೆ ಎಷ್ಟಿವೆ? ಅದಕ್ಕೇ ಹೊಟ್ಟೆ ಉರಿಯುವುದು. ಎಲ್ಲ ಮಾಡಿ, ಎಲೆ ತೆಗೆಯುವವರಿಲ್ಲ.

ಆ ವರ್ಷದ ಪೆಟ್ಟಿನ ಮೇಲೆ ನಾವು ಆರು ಮನೆಯವರು ಸೇರಿ ಒಂದು ಸಣ್ಣ ಹವಾಮಾನ ಕೇಂದ್ರ ಹಾಕಿದೆವು. ಒಂದು ಟಿವಿಯಷ್ಟು ಖರ್ಚು, ಆರು ಪಾಲು. ಮಳೆ, ಉಷ್ಣಾಂಶ, ತೇವಾಂಶ, ಗಾಳಿ ನಾಲ್ಕೂ ಫೋನಿಗೆ ಬರುತ್ತದೆ. ಅದರಿಂದ ಕಲಿತದ್ದನ್ನು ಹೇಳುತ್ತೇನೆ, ನಿಮಗೂ ಬೇಕಾಗಬಹುದು.

ದಿನಕ್ಕೊಂದು ಅಂಕಿ ಬರೆಯುತ್ತಿದ್ದಾಗ ಅಪ್ಪನಿಗೂ ನನಗೂ ಕಾಣದಿದ್ದದ್ದು ಹದಿನೈದು ನಿಮಿಷದ ಅಂಕಿಯಲ್ಲಿ ಕಂಡಿತು. ನಮ್ಮ ಕೊಳ್ಳದಲ್ಲಿ ಜುಲೈ ತಿಂಗಳ ಮಳೆ ಸಂಜೆಯಿಂದ ಬೆಳಗಿನ ಜಾವದವರೆಗೆ ಜಾಸ್ತಿ. ಹೊಳವು ಸಿಗುವುದಾದರೆ ಹೆಚ್ಚಾಗಿ ಬೆಳಿಗ್ಗೆ ಹತ್ತರಿಂದ ಒಂದರ ನಡುವೆ. ಮೊದಲೆಲ್ಲ ಕೊನೆಗಾರ ಬಂದ ಅಂತ ಏಳಕ್ಕೇ ಕಲೆಸಿ ಕೂರುತ್ತಿದ್ದೆವು. ಈಗ ಒಂಬತ್ತೂವರೆವರೆಗೆ ಕಾಯುತ್ತೇವೆ. ಮೂರು ಕಿಲೋಮೀಟರ್ ಆಚೆಯ ಸ್ನೇಹಿತ ಪಶ್ಚಿಮಕ್ಕಿದ್ದಾನೆ. ಮಳೆ ಮೊದಲು ಅವನಲ್ಲಿ ಬಂದು ಆಮೇಲೆ ನಮ್ಮಲ್ಲಿ ಬರುತ್ತದೆ. ಅವನೂ ಅಂಥದ್ದೇ ಒಂದು ಯಂತ್ರ ಹಾಕಿದ ಮೇಲೆ ನಮಗೆ ಹತ್ತು ಹದಿನೈದು ನಿಮಿಷ ಮುಂಚೆಯೇ ಸುದ್ದಿ. ಮರದ ಮೇಲಿರುವವನನ್ನು ಇಳಿಸಲಿಕ್ಕೆ ಅಷ್ಟು ಸಾಕು.

ತೇವಾಂಶ 90ರ ಮೇಲೆ ಸತತವಾಗಿ ಎಷ್ಟು ತಾಸು ಇತ್ತು ಅಂತ ನನ್ನ ಮಗಳು ಫೋನಿನಲ್ಲೇ ಒಂದು ಪಟ್ಟಿ ಮಾಡಿಕೊಟ್ಟಿದ್ದಾಳೆ. ಆ ತಾಸು ಏರುತ್ತಾ ಹೋದರೆ ಔಷಧಿ ಹೊಡೆದ ದಿನ ಎಣಿಸುತ್ತಾ ಕೂರುವುದಿಲ್ಲ, ಬೇಗ ಕೊನೆಗಾರನಿಗೆ ಹೇಳಿ ಕಳಿಸುತ್ತೇವೆ. ಕಳೆದ ವರ್ಷ ಹೀಗೆ ಒಂದು ವಾರ ಮೊದಲೇ ಎರಡನೇ ಔಷಧಿ ಆಯಿತು.

ಬೇಸಗೆಯಲ್ಲೂ ಉಪಯೋಗವಿದೆ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂಬತ್ತು ಅಡಿಗೊಂದು ಮರ ಇದ್ದರೆ ಒಂದು ಮರದ ಪಾಲಿಗೆ ಸುಮಾರು ಏಳೂವರೆ ಚದರ ಮೀಟರ್ ನೆಲ. ಏಪ್ರಿಲ್‌ನಲ್ಲಿ 20 ಮಿ.ಮೀ. ಮಳೆ ಬಂದರೆ ಮರಕ್ಕೆ ಸುಮಾರು 150 ಲೀಟರ್ ನೀರು ಬಿಟ್ಟಿ ಸಿಕ್ಕಿತು. ಕೆಲವು ದಿನ ಪಂಪು ಮುಟ್ಟಬೇಕಾಗಿಲ್ಲ. ಆದರೆ 4 ಮಿ.ಮೀ. ಬಂದರೆ? ಮಣ್ಣಿನ ಪರಿಮಳ ಚೆನ್ನಾಗಿರುತ್ತದೆ, ಅಷ್ಟೇ. ಮೇಲಿನ ದರಕು, ಅಂದರೆ ಉದುರಿದ ಒಣ ಎಲೆ, ನೆನೆದು ಸಂಜೆಯೊಳಗೆ ಆರಿಹೋಗುತ್ತದೆ, ಬೇರಿಗೆ ಏನೂ ಇಲ್ಲ. ಮೊದಲು ನಾವು ಎರಡಕ್ಕೂ "ಮಳೆ ಬಂತು" ಅಂತ ಪಂಪು ಬಂದ್ ಮಾಡುತ್ತಿದ್ದೆವು.

ನಮ್ಮ ಯಂತ್ರವೇನು ದೇವರಲ್ಲ. ಮೊದಲ ಮಳೆಗಾಲದಲ್ಲೇ ತೇವಾಂಶದ ಸೆನ್ಸರ್ 99ಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿತು. ಬಿಸಿಲು ಬಂದರೂ 99. ನಾನು ಅದನ್ನೇ ನಂಬಿ ಕೊಳೆ ಬಂದೇಬಿಡುತ್ತದೆ ಅಂತ ಬೇಡದ ಒಂದು ಔಷಧಿ ಹೊಡೆಸಿದೆ. ಕೂಲಿ ದಂಡ, ಮೈಲುತುತ್ತ ದಂಡ. ಜೋರು ಮಳೆಯಲ್ಲಿ ಆ ಪುಟ್ಟ ಬಟ್ಟಲಿಗೆ ಉಸಿರು ಸಾಲದೆ ಮಳೆ ಸ್ವಲ್ಪ ಕಮ್ಮಿ ತೋರಿಸುತ್ತದೆ ಅನ್ನುವುದೂ ಅಪ್ಪನ ತಗಡಿನ ಮಾಪಕ ಪಕ್ಕದಲ್ಲೇ ಇದ್ದದ್ದರಿಂದ ಗೊತ್ತಾಯಿತು. ನಿಮ್ಮ ಯಂತ್ರದ ತಪ್ಪು ಎತ್ತಿ ಆಡುವವನು ನನ್ನ ಯಂತ್ರದ ತಪ್ಪನ್ನೂ ಹೇಳಬೇಕಲ್ಲ. ಎರಡರ ಮದ್ದೂ ಒಂದೇ. ದಿನಾ ಒಬ್ಬರು ಹೋಗಿ ನೋಡಬೇಕು.

ಇನ್ನು ನನ್ನ ಕೋರಿಕೆಗಳು.

ಮೊದಲನೆಯದು, ಅಪ್ಪನ ಅಡ್ಡಗೆರೆ. ಸುತ್ತಮುತ್ತಲ ನಾಲ್ಕು ಪಂಚಾಯತಿಯಲ್ಲಿ ನೂರು ಮಿ.ಮೀ. ಮಳೆ ಬಿದ್ದು ಮಧ್ಯದ ಒಂದರಲ್ಲಿ ಮಾತ್ರ ಸೊನ್ನೆ ಬಂದರೆ, ಅದನ್ನು ಸೊನ್ನೆ ಅಂತ ಬರೆಯಬೇಡಿ. ಖಾಲಿ ಬಿಡಿ, "ಪರಿಶೀಲಿಸಬೇಕು" ಅಂತ ಗುರುತು ಹಾಕಿ. ಇದಕ್ಕೆ ಹೊಸ ಯಂತ್ರ ಬೇಡ, ಟೆಂಡರ್ ಬೇಡ. ಕಂಪ್ಯೂಟರಿಗೆ ಒಂದು ಸಾಲು ಹೇಳಿಕೊಟ್ಟರೆ ಸಾಕು. ಆ ಗುರುತು ಬಿದ್ದ ಎರಡು ದಿನದೊಳಗೆ ಯಾರಾದರೂ ಹೋಗಿ ನೋಡುವ ವ್ಯವಸ್ಥೆ ಆಗಲಿ.

ಯಾರು ಹೋಗುತ್ತಾರೆ ಅಂತ ಕೇಳಬೇಡಿ, ಊರಿನಲ್ಲಿ ಜನ ಇದ್ದಾರೆ. ಹಾಲಿನ ಡೇರಿಗೆ ದಿನಾ ಎರಡು ಹೊತ್ತು ಬರುವ ಕಾರ್ಯದರ್ಶಿ ಇದ್ದಾರೆ, ಶಾಲೆಯ ಮೇಷ್ಟ್ರು ಇದ್ದಾರೆ, ನೀರು ಬಿಡುವವನು ಇದ್ದಾನೆ. ಒಬ್ಬರಿಗೆ ತಿಂಗಳಿಗೆ ಸಣ್ಣ ಗೌರವಧನ ಕೊಟ್ಟು ಆಲಿಕೆ ತೊಳೆಯುವ, ಪಾಚಿ ಒರೆಸುವ ಅಧಿಕಾರ ಕೊಡಿ. "ಮುಟ್ಟಬಾರದು" ಬೋರ್ಡಿನ ಕೆಳಗೆ ಅವರ ಹೆಸರು, ಫೋನ್ ನಂಬರ್ ಬರೆಸಿ. ಪಕ್ಕದಲ್ಲೇ ಒಂದು ಸಾದಾ ಮಳೆಮಾಪಕ ಇಡಿಸಿ. ಶಾಲೆಯ ಅಂಗಳದಲ್ಲಿಟ್ಟು ಮಕ್ಕಳ ಕೈಯಲ್ಲಿ ಬರೆಸಿದರೂ ಆದೀತು. ಕರೆಂಟು ಬೇಡ, ಸಿಮ್ಮು ಬೇಡ, ಎರಡು ಲೆಕ್ಕ ತಾಳೆ ನೋಡಲಿಕ್ಕೆ ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಯಂತ್ರ ಎಲ್ಲಿದೆ ಅನ್ನುವುದನ್ನೂ ಒಂದು ಸಲ ನೋಡಿಸಿ. ಮರವೋ ಕಟ್ಟಡವೋ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಳೆಮಾಪಕ ಇರಬೇಕು ಅನ್ನುವುದು ನಿಮ್ಮದೇ ಪಾಠ. ಉಷ್ಣಾಂಶ ಅಳೆಯುವುದು ಹುಲ್ಲು ನೆಲದ ಮೇಲೆ, ನೆರಳಿನ ಪೆಟ್ಟಿಗೆಯೊಳಗೆ. ಕಾದ ಆರ್‌ಸಿಸಿ ಮೇಲೆ ಇಟ್ಟರೆ ತಾರಸಿಯ ಜ್ವರ ಗೊತ್ತಾಗುತ್ತದೆ, ತೋಟದ್ದಲ್ಲ.

ಬದಲಿ ಕೇಂದ್ರ ಯಾವುದು ಅನ್ನುವುದನ್ನು ಜೂನ್ ತಿಂಗಳಲ್ಲೇ, ನಾವು ಕಂತು ಕಟ್ಟುವ ಮೊದಲೇ ಹೇಳಿಬಿಡಿ. ಅದನ್ನು ಗುಡ್ಡದ ಮಗ್ಗುಲು ನೋಡಿ, ಹಳೇ ಮಳೆಯ ಲೆಕ್ಕ ಹೋಲಿಸಿ ಆರಿಸಿ. ದೂರ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಮಳೆಗಾಲ ಮುಗಿದ ಮೇಲೆ ಗೊತ್ತಾಗುವ ಸಾಕ್ಷಿ ಯಾರಿಗೂ ಬೇಡ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಆ ಹದಿನೈದು ನಿಮಿಷದ ಅಂಕಿಗಳನ್ನು ನಮಗೂ ತೋರಿಸಿ. ಆ ಪಂಚಾಯತಿಯ ಯಾವ ರೈತ ಬೇಕಾದರೂ ಫೋನಿನಲ್ಲಿ ನೋಡುವ ಹಾಗೆ, ಕನ್ನಡದಲ್ಲಿ, ಅವತ್ತಿನದು ಅವತ್ತೇ, ಹಳೆಯದೂ ಸಿಗುವ ಹಾಗೆ. ನಮ್ಮ ಆರು ಮನೆ ದುಡ್ಡು ಹಾಕಿ ಕಂಡುಕೊಂಡದ್ದು ನಿಮ್ಮ ಸರ್ವರ್‌ನಲ್ಲಿ ಪ್ರತಿ ಪಂಚಾಯತಿಗೂ ವರ್ಷಗಟ್ಟಲೆ ಬಿದ್ದುಕೊಂಡಿದೆ. ಯಾವ ಊರಿನಲ್ಲಿ ಯಾವ ಹೊತ್ತಿಗೆ ಹೊಳವು ಸಿಗುತ್ತದೆ, ಎಲ್ಲಿ ಕೊಳೆಯ ತೇವ ಏರುತ್ತಿದೆ ಅನ್ನುವುದನ್ನು ಕೃಷಿ ವಿಶ್ವವಿದ್ಯಾಲಯದ ಒಬ್ಬ ಹುಡುಗನೋ ಹುಡುಗಿಯೋ ಕೂತು ತೆಗೆದರೆ, "ನಿಮ್ಮ ಪಂಚಾಯತಿಯಲ್ಲಿ ಈ ವಾರ ಔಷಧಿ ಹೊಡೆಯಿರಿ" ಅಂತ ಒಂದು ಸಂದೇಶ ಕಳಿಸಬಹುದು. ಅಂಕಿ ತಪ್ಪಿದ್ದರೆ ನಾವೇ ಅವತ್ತೇ ಫೋನ್ ಮಾಡುತ್ತೇವೆ. ಸೆಪ್ಟೆಂಬರ್‌ವರೆಗೆ ಯಾರು ಕಾಯುತ್ತಾರೆ?

ನನ್ನ ಕಡೆಯಿಂದ ಅಪ್ಪನ ನೋಟ್‌ಬುಕ್‌ಗಳನ್ನು ಕೊಡಲಿಕ್ಕೆ ತಯಾರಿದ್ದೇನೆ. ಕೆಲವು ಪುಟಕ್ಕೆ ಗೆದ್ದಲು ಹಿಡಿದಿದೆ, ಒಂದೆರಡಕ್ಕೆ ಕಾಫಿ ಚೆಲ್ಲಿದೆ, ಅಕ್ಷರ ಮಾತ್ರ ಮುತ್ತಿನ ಹಾಗಿದೆ. ನಕಲು ತೆಗೆದುಕೊಂಡು ವಾಪಸ್ ಕೊಟ್ಟರೆ ಸಾಕು.

ಈ ಪತ್ರ ಮುಗಿಸುತ್ತಿರುವ ಇವತ್ತು ಬೆಳಿಗ್ಗೆ ಎಂಟೂವರೆಗೆ ನಮ್ಮ ಅಂಗಳದಲ್ಲಿ 43 ಮಿ.ಮೀ. ಮಳೆ ಅಳೆದಿದ್ದೇನೆ. ನಿಮ್ಮ ಪಟ್ಟಿಯಲ್ಲಿ ನಮ್ಮ ಪಂಚಾಯತಿಯ ಮುಂದೆ ಎಷ್ಟಿದೆ, ಒಮ್ಮೆ ನೋಡಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಘಟ್ಟದಂಚಿನ ಒಬ್ಬ ಅಡಿಕೆ ಬೆಳೆಗಾರ